ಹೊಸ ಕುಲಪತಿ ಬಂದ ದಿನವೇ ಎಲ್ಲರಿಗೂ ಥ್ಯಾಂಕ್ಸ್ ಹೇಳ್ತಾರಲ್ಲ, ಅದು ಸುಮ್ನೆ ಶಾಸ್ತ್ರಾನಾ?

ನಾನು ವಿಶ್ವವಿದ್ಯಾಲಯವೊಂದರ ಆಡಳಿತ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವುದೋ ವಿ.ವಿ.ಗೆ ಹೊಸ ಕುಲಪತಿ ಬಂದರು ಅಂತ ಪೇಪರಿನಲ್ಲಿ ಬಂದರೆ ಸಾಕು, ಪರಿಚಯದವರು ಯಾರಾದರೂ ಕೇಳೇ ಕೇಳುತ್ತಾರೆ. "ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು, ಊರಿನ ಜನ, ಎಲ್ಲರ ಸಹಕಾರಕ್ಕೂ ಕೃತಜ್ಞತೆ ಅಂತಾರೆ. ಇನ್ನೂ ಯಾರ ಮುಖಾನೂ ಸರಿಯಾಗಿ ನೋಡಿರಲ್ಲ. ಯಾವ ಸಹಕಾರ ಸ್ವಾಮಿ ಅದು?"

ನನ್ನ ಉತ್ತರ ಇಷ್ಟು. ಮೊದಲ ದಿನದ ಮಾತು ಬಹುಪಾಲು ಶಾಸ್ತ್ರವೇ. ಆದರೆ ಆ ಮಾತಿನ ಹಿಂದಿರುವ ಋಣ ಸುಳ್ಳಲ್ಲ. ಹೇಳುವವರಿಗೆ ಅದು ಎಷ್ಟು ಗೊತ್ತಿರುತ್ತದೆ ಅನ್ನೋದು ಬೇರೆ ವಿಚಾರ.

ಅಧಿಕಾರ ಸ್ವೀಕಾರದ ದಿನ ಹೇಗಿರುತ್ತದೆ ಗೊತ್ತಾ? ಕುಲಪತಿಗಳ ಕೊಠಡಿಯ ಗೋಡೆಯ ಮೇಲೆ ಹಿಂದಿನವರ ಹೆಸರು, ಇಸವಿ ಬರೆದ ಬೋರ್ಡ್. ಕೊನೆಯ ಹೆಸರಿನ ಕೆಳಗೆ ಒಂದು ಸಾಲು ಖಾಲಿ. ಪ್ರಭಾರದಲ್ಲಿದ್ದವರು ಕಾಗದಕ್ಕೆ ಸಹಿ ಹಾಕಿ ಎದ್ದು ನಿಲ್ಲುತ್ತಾರೆ, ಹೊಸಬರು ಸಹಿ ಹಾಕಿ ಕೂರುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಕ್ಯೂ. ಶಾಲು, ಹಾರ, ಬಣ್ಣದ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲಿ ಸರ್ಕಾರ ಆದೇಶ ಮಾಡಿತು. ಆಮೇಲೂ ಬುಟ್ಟಿ ಬರೋದು ಪೂರ್ತಿ ನಿಲ್ಲಲಿಲ್ಲ. ಮೊದಲು ಬಂದು ಫೋಟೋದಲ್ಲಿ ನಿಲ್ಲುವವರು ಸಾಮಾನ್ಯವಾಗಿ ಏನಾದರೂ ಬೇಕಾದವರು. ಕೆಲಸ ಇರುವವರು ಆ ಹೊತ್ತಿಗೆ ತಮ್ಮ ಸೆಕ್ಷನ್‌ನಲ್ಲೇ ಇರುತ್ತಾರೆ.

ಕ್ಯಾಂಪಸ್‌ನ ಸಹಕಾರ ಅಂದರೆ ಈ ಸೆಕ್ಷನ್‌ನವರದ್ದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ ಕುಲಪತಿಯ ಅವಧಿ 4 ವರ್ಷ. ಶೋಧನಾ ಸಮಿತಿ ಹೆಸರುಗಳನ್ನು ಕೊಡಬೇಕು, ಸರ್ಕಾರ ಒಪ್ಪಬೇಕು, ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸಬೇಕು. ಇದೆಲ್ಲ ಹೊತ್ತಿಗೆ ಸರಿಯಾಗಿ ಆಗುವುದು ಅಪರೂಪ. ತಿಂಗಳುಗಟ್ಟಲೆ ಹಿರಿಯ ಡೀನ್ ಒಬ್ಬರು ಪ್ರಭಾರದಲ್ಲಿ ಇರುತ್ತಾರೆ. ಪ್ರಭಾರದಲ್ಲಿರುವವರು ದೊಡ್ಡ ತೀರ್ಮಾನಕ್ಕೆ ಕೈ ಹಾಕುವುದು ಕಡಿಮೆ. "ಹೊಸಬರು ಬರಲಿ, ಆಮೇಲೆ ನೋಡೋಣ" ಅನ್ನುವ ಫೈಲುಗಳು ಮೇಜಿನ ಮೇಲೆ ಏರುತ್ತಾ ಹೋಗುತ್ತವೆ.

ಪರೀಕ್ಷೆ ಮಾತ್ರ ಯಾರಿಗೂ ಕಾಯುವುದಿಲ್ಲ. ಮೌಲ್ಯಮಾಪನ ವಿಭಾಗಕ್ಕೆ ಉತ್ತರ ಪತ್ರಿಕೆಗಳ ಬಂಡಲ್ ಬರುತ್ತಲೇ ಇರುತ್ತವೆ. ಅವನ್ನು ಬಿಚ್ಚಬೇಕು, ಎಣಿಸಬೇಕು, ನಂಬರ್ ತಾಳೆ ನೋಡಬೇಕು. ಒಂದು ಪತ್ರಿಕೆ ಕಡಿಮೆ ಬಂದರೆ ಆ ಕಾಲೇಜಿಗೆ ಫೋನ್, ಹಾಜರಿ ಹಾಳೆ ಮತ್ತೆ ನೋಡೋದು, ಊಟದ ಹೊತ್ತು ಮೀರುವುದು. ಈ ಕೆಲಸ ಮಾಡುವವರಲ್ಲಿ ಹೊರಗುತ್ತಿಗೆಯವರೇ ಜಾಸ್ತಿ. ಅತ್ತ ತರಗತಿಯಲ್ಲಿ ಅತಿಥಿ ಉಪನ್ಯಾಸಕರು ಗೌರವಧನ ಯಾವಾಗ ಬರುತ್ತದೋ ಗೊತ್ತಿಲ್ಲದೆ ಪಾಠ ಮಾಡುತ್ತಿರುತ್ತಾರೆ. ಹೊಸ ಕುಲಪತಿ ಬಂದು ಕೂರುವ ಕುರ್ಚಿಯ ಕೆಳಗೆ ನೆಲ ಗಟ್ಟಿಯಾಗಿದ್ದರೆ ಅದು ಇವರಿಂದ. ಆದ್ದರಿಂದ ಯಾರ ಮುಖ ನೋಡದೆಯೂ ಥ್ಯಾಂಕ್ಸ್ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆಮೇಲಾದರೂ ಮುಖ ನೋಡಬೇಕು, ಅಷ್ಟೇ.

ಇನ್ನು ಊರಿನ ಜನ. ಇದನ್ನು ಕೇಳಿದಾಗ ನಾನು ಧಾರವಾಡದ ಕಥೆ ಹೇಳುತ್ತೇನೆ. ಅಲ್ಲಿ ಮೊದಲು ಬಂದದ್ದು ಕರ್ನಾಟಕ ಕಾಲೇಜು, 1917ರಲ್ಲಿ. ಆಗ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಹುಡುಗರು ಡಿಗ್ರಿ ಓದಬೇಕು ಅಂದರೆ ಪುಣೆ, ಮುಂಬೈ ಅಂತ ಹೋಗಬೇಕಿತ್ತು. ನಮ್ಮಲ್ಲೇ ಒಂದು ಕಾಲೇಜು ಬೇಕು ಅಂತ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಓಡಾಡಿದರು. ಸರ್ಕಾರಕ್ಕೆ ಮನವಿ ಕೊಟ್ಟು ಸುಮ್ಮನಾಗಲಿಲ್ಲ, ಜನರ ಹತ್ತಿರ ಹೋಗಿ ಹಣ ಕೂಡಿಸಿದರು. ಆಮೇಲೆ ಕಾಲೇಜು ಹಳೆಯ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿ ಕಟ್ಟಡಕ್ಕೆ ಬಂತು. ಜನ ಕೆ.ಸಿ.ಡಿ. ಅಂತ ಕರೆಯುವ ಆ ಕಾಲೇಜನ್ನು ಇವತ್ತಿಗೂ ನೋಡಿದರೆ ಕಾಲೇಜಿಗಿಂತ ದೊಡ್ಡ ಕಚೇರಿಯ ಠೀವಿ ಕಾಣುತ್ತದೆ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದಾಗ, ಅದನ್ನು ತಮ್ಮದು ಅಂದುಕೊಳ್ಳುವ ಜನ ಆಗಲೇ ಇದ್ದರು. 1954ರಲ್ಲಿ ಡಿ.ಸಿ. ಪಾವಟೆ ಕುಲಪತಿಯಾಗಿ 1967ರವರೆಗೂ ಇದ್ದರು. ಗುಡ್ಡದ ಮೇಲಿನ ಕ್ಯಾಂಪಸ್ ರೂಪ ತಳೆದದ್ದು ಅವರ ಕಾಲದಲ್ಲೇ. ಪಾವಟೆಯವರ ಬಗ್ಗೆ ಧಾರವಾಡದವರು ಈಗಲೂ ಮಾತಾಡುತ್ತಾರೆ, ಹೊಗಳುವುದು ಸರಿಯೇ. ಆದರೆ ಅರಟಾಳರ ಹೆಸರು ಗೊತ್ತಿರುವ ವಿದ್ಯಾರ್ಥಿಗಳು ಕಡಿಮೆ. ಇದು ನನಗೆ ಸ್ವಲ್ಪ ಬೇಸರದ ವಿಷಯ.

ಮೈಸೂರಿನಲ್ಲಿ ದಾರಿ ಬೇರೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವವಿದ್ಯಾಲಯ ಕಟ್ಟಿಸಿದರು, ದಿವಾನರಾಗಿ ವಿಶ್ವೇಶ್ವರಯ್ಯ ಇದ್ದರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಮೇಲಿನಿಂದ ಬಂದ ವಿಶ್ವವಿದ್ಯಾಲಯ ಅನ್ನಬಹುದು. ಆದರೆ ಖರ್ಚು ಹೊತ್ತದ್ದು ಹಳ್ಳಿಯ ಕಂದಾಯ ಅಲ್ವಾ? 1956ರಿಂದ 60ರವರೆಗೆ ಕುಲಪತಿಯಾಗಿದ್ದ ಕುವೆಂಪು ಮಾನಸಗಂಗೋತ್ರಿಯನ್ನು ಕಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರಸಾರಾಂಗ. ಅಧ್ಯಾಪಕರು ಕ್ಯಾಂಪಸ್ ಬಿಟ್ಟು ಊರೂರಿಗೆ ಹೋಗಿ ಆರೋಗ್ಯ, ವಿಜ್ಞಾನ, ಸಾಹಿತ್ಯ ಅಂತ ಕನ್ನಡದಲ್ಲಿ ಉಪನ್ಯಾಸ ಕೊಡುವುದು, ಅದನ್ನೇ ಕಡಿಮೆ ಬೆಲೆಯ ಪುಟ್ಟ ಪುಸ್ತಕ ಮಾಡುವುದು. ಈ ಪದ್ಧತಿಗೆ ಅವರಿಗಿಂತ ಮುಂಚೆಯೇ ಬೇರಿತ್ತು. ಅವರು ಅದಕ್ಕೆ ಬಲ ತುಂಬಿದರು. ಕಾಲೇಜಿನ ಮೆಟ್ಟಿಲು ಹತ್ತದವನಿಗೂ ವಿಶ್ವವಿದ್ಯಾಲಯದಿಂದ ಏನಾದರೂ ಸಿಗಬೇಕು ಅನ್ನುವುದು ಅದರ ಒಳಗಿನ ಮಾತು. ಕೃತಜ್ಞತೆ ಹೇಳುವುದಾದರೆ ಹೀಗೆ ಹೇಳಬೇಕು.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾಯಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಅದಕ್ಕೆ ಅನುದಾನದ ಕಷ್ಟ ಬಂದಾಗ ಅಲ್ಲಿ ಓದದ, ಕೆಲಸ ಮಾಡದ ಲೇಖಕರು, ಓದುಗರೂ ದನಿ ಎತ್ತಿದರು. ಆ ದನಿಗೆ ಸಂಬಳ ಇಲ್ಲ, ಬಡ್ತಿ ಇಲ್ಲ.

ಇನ್ನೂ ಒಂದು ಇದೆ, ಯಾರೂ ಗಮನಿಸದ್ದು. ಘಟಿಕೋತ್ಸವದಲ್ಲಿ ಒಬ್ಬೊಬ್ಬ ಹುಡುಗಿಗೆ ಹತ್ತು ಹನ್ನೆರಡು ಚಿನ್ನದ ಪದಕ ಅಂತ ಫೋಟೋ ಬರುತ್ತದಲ್ಲ, ಆ ಪದಕಗಳಲ್ಲಿ ಎಷ್ಟೋ ಪದಕ ಜನ ಕೊಟ್ಟ ದತ್ತಿಯಿಂದ ಬಂದವು. ಯಾರೋ ನಿವೃತ್ತ ಮೇಷ್ಟ್ರು ತಮ್ಮ ಹೆಂಡತಿಯ ಹೆಸರಿನಲ್ಲಿ, ಯಾರೋ ವ್ಯಾಪಾರಿ ತಂದೆಯ ಹೆಸರಿನಲ್ಲಿ ಒಂದಷ್ಟು ಹಣ ಇಟ್ಟಿರುತ್ತಾರೆ. ಬಡ್ಡಿಯಲ್ಲಿ ಪದಕ. ಇಟ್ಟ ಕಾಲಕ್ಕೆ ಆ ಬಡ್ಡಿ ಸಾಕಾಗುತ್ತಿತ್ತು. ಈಗ ಚಿನ್ನದ ಬೆಲೆ ಎಲ್ಲಿ, ಎಫ್.ಡಿ. ಬಡ್ಡಿ ಎಲ್ಲಿ! ಹಾಗಾಗಿ ಎಷ್ಟೋ ಕಡೆ ಈಗ ಚಿನ್ನದ ಲೇಪನದ ಪದಕ. ದತ್ತಿ ಇಟ್ಟವರ ಮಕ್ಕಳು ಆಗಾಗ ಕಚೇರಿಗೆ ಬಂದು, "ಅಪ್ಪನ ಹೆಸರಿನ ಪದಕ ಈ ಸಲ ಯಾರಿಗೆ ಬಂತು ಸರ್?" ಅಂತ ಕೇಳುತ್ತಾರೆ. ಉತ್ತರ ಹೇಳೋಕೆ ರಿಜಿಸ್ಟರ್ ತೆಗೆಯಬೇಕು. ನೋಡಿ ಹೇಳುವ ಗುಮಾಸ್ತರೂ ಇದ್ದಾರೆ, "ನಾಳೆ ಬನ್ನಿ" ಅನ್ನುವವರೂ ಇದ್ದಾರೆ. ಊರಿನವರಿಗೆ ವಿಶ್ವವಿದ್ಯಾಲಯ ಕೊಡುವ ಗೌರವ ಕುಲಪತಿಯ ಭಾಷಣಕ್ಕಿಂತ ಈ ಕೌಂಟರಿನಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಹೊಸಬರ ಮೊದಲ ಭಾಷಣ ಕೇಳುವಾಗ ನಾನು ಹೆಸರುಗಳ ಸರದಿ ಗಮನಿಸುತ್ತೇನೆ. ಮಂತ್ರಿ, ಶಾಸಕರು, ತಮ್ಮ ಸಮುದಾಯದ ಮುಖಂಡರು ಅಂತ ಶುರುವಾಗಿ ಅಲ್ಲೇ ಮುಗಿದರೆ ನನಗೆ ಹೆಚ್ಚು ಆಸೆ ಉಳಿಯುವುದಿಲ್ಲ. ಹಾಸ್ಟೆಲ್ ಅಡುಗೆಯವರು, ಲೈಬ್ರರಿಯವರು ಅಂತ ಕೆಲಸ ಹಿಡಿದು ಹೇಳಿದರೆ ಕಿವಿ ನೆಟ್ಟಗಾಗುತ್ತದೆ. ಅದೂ ಯಾರೋ ಪಿ.ಎ. ಬರೆದುಕೊಟ್ಟದ್ದು ಇರಬಹುದು, ನಿಜ.

ಖಾತ್ರಿ ಮಾಡಿಕೊಳ್ಳಬೇಕಿದ್ದರೆ ಒಂದು ನಾಲ್ಕು ತಿಂಗಳು ಬಿಡಿ. ಸಿಂಡಿಕೇಟ್ ಅಂದರೆ ವಿ.ವಿ.ಯ ಆಡಳಿತ ಮಂಡಳಿ, ಅದರ ಸಭೆಯ ನಡಾವಳಿಯನ್ನು ಎಷ್ಟೋ ವಿ.ವಿ.ಗಳು ವೆಬ್‌ಸೈಟಿನಲ್ಲೇ ಹಾಕುತ್ತವೆ. ತೆಗೆದು ನೋಡಿ. ಕುಲಪತಿಗಳ ಹೊಸ ಕಾರು ಎಷ್ಟನೇ ವಿಷಯ, ಅತಿಥಿ ಉಪನ್ಯಾಸಕರ ಬಾಕಿ ಗೌರವಧನ ಎಷ್ಟನೇ ವಿಷಯ, ಯಾವುದಕ್ಕೆ "ಅನುಮೋದಿಸಲಾಯಿತು" ಅಂತ ಬಂದಿದೆ, ಯಾವುದಕ್ಕೆ "ಮುಂದೂಡಲಾಯಿತು" ಅಂತ ಬಂದಿದೆ, ಅದನ್ನೇ ನೋಡಿ.