ಕೈ ಬಿದ್ದಾಗಲೇ ಸದ್ದು ಬರಬೇಕು

ದೀಪಾವಳಿ ರಜೆ ಮುಗಿಸಿ ತಬಲಾ ಪಾಠಕ್ಕೆ ಬಂದ ಅಕ್ಕನ ಮಗ ಕೆಹರ್ವಾ ತಾಳದ ಮೂಲ ಬೋಲುಗಳಾದ ಠೇಕಾದ ಪ್ರತಿ ಪೆಟ್ಟನ್ನೂ ಕೂದಲೆಳೆಯಷ್ಟು ಮುಂಚೆ ಹಾಕತೊಡಗಿದ್ದ. ಲಯ ಓಡುವುದು ಬೇರೆ, ಇದು ಬೇರೆ. ಲಯ ಓಡಿಸುವ ಮಕ್ಕಳು ಆವರ್ತನದಿಂದ ಆವರ್ತನಕ್ಕೆ ವೇಗ ಏರಿಸುತ್ತಾ ಹೋಗುತ್ತಾರೆ. ಕೊನೆಗೆ ತಾಳ ಹಿಡಿಯಲು ಮತ್ತೆ ಮತ್ತೆ ನುಡಿಸುವ ರಾಗದ ಸಾಲಾದ ಲೆಹರಾ ಎಲ್ಲೋ, ಅವರೆಲ್ಲೋ. ಇವನ ವೇಗ ಅಳೆದಿಟ್ಟಂತೆ ಸ್ಥಿರವಾಗಿತ್ತು. ಧಾ ಗೆ ನ ತಿ, ನ ಕ ಧಿ ನ, ಎಂಟೂ ಮಾತ್ರೆಗಳು ಒಂದೇ ಅಂತರದಲ್ಲಿದ್ದವು. ಆದರೆ ಲೆಹರಾದ ಸ್ವರ ಕೇಳುವ ಮೊದಲೇ ಕೈ ಬಿದ್ದಿರುತ್ತಿತ್ತು. ಹೀಗೆ ಎಲ್ಲ ಪೆಟ್ಟುಗಳೂ ಒಂದೇ ಅಳತೆಯಲ್ಲಿ ಮುಂದೆ ಬೀಳುವ ದೋಷವನ್ನು ನಾನು ಬೇರೆ ಯಾವ ವಿದ್ಯಾರ್ಥಿಯಲ್ಲೂ ಕಂಡಿರಲಿಲ್ಲ. ಹುಡುಗನಿಗೆ ಲಯದ ಅರಿವು ಚೆನ್ನಾಗಿದೆ, ಅವನಿಗೆ ಎಲ್ಲಿಂದಲೋ ತಪ್ಪು ಗಡಿಯಾರ ಸಿಕ್ಕಿದೆ ಎಂದು ನನಗೆ ಅನ್ನಿಸಿತು.

"ರಜೆಯಲ್ಲಿ ಏನು ನುಡಿಸಿದೆ?" ಎಂದು ಕೇಳಿದೆ.

"ತಬಲಾ ಮುಟ್ಟಲಿಲ್ಲ ಮಾವ. ಮನೆಯಲ್ಲಿ ಡ್ರಮ್ ಗೇಮ್ ಆಡಿದೆ."

ಆ ಭಾನುವಾರ ದಾವಣಗೆರೆಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಗೆ ಹೋದೆ. ಅಕ್ಕ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟಳು. ಹುಡುಗ ಟಿವಿಯ ಮುಂದೆ ಪ್ಲಾಸ್ಟಿಕ್ ಡೋಲು ಇಟ್ಟುಕೊಂಡು ಕೂತ. ಜಪಾನಿನ ನಾಮ್ಕೊ ಕಂಪನಿ 2001ರಲ್ಲಿ ಮೊದಲು ಆರ್ಕೇಡ್ ಯಂತ್ರವಾಗಿ ತಂದ 'ತೈಕೊ ನೊ ತತ್ಸುಜಿನ್' ಎಂಬ ಆಟದ ಈಗಿನ ರೂಪ ಅದು. ಪರದೆಯ ಮೇಲೆ ಬಲದಿಂದ ಎಡಕ್ಕೆ ಬಣ್ಣದ ಬಿಲ್ಲೆಗಳು ಹರಿದು ಬರುತ್ತವೆ. ಕೆಂಪಾದರೆ ಡೋಲಿನ ನಡುವೆ ಬಾರಿಸಬೇಕು, 'ಡಾನ್' ಎನ್ನುತ್ತದೆ. ನೀಲಿಯಾದರೆ ಅಂಚಿಗೆ ಬಾರಿಸಬೇಕು, 'ಕಾ' ಎನ್ನುತ್ತದೆ. ತಬಲಾದವರಿಗೆ ನಡುವಿನ ನಾದಕ್ಕೂ ಅಂಚಿನ ನಾದಕ್ಕೂ ಇರುವ ಭೇದವೇ ಬದುಕು, ಹಾಗಾಗಿ ಆಟ ನನಗೆ ಕೂಡಲೇ ಹಿಡಿಸಿತು. ಇಂಥ ಆಟಗಳನ್ನು ಕಾಲಹರಣ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ನೆಟ್ಟಗಿದ್ದರೆ ಇವು ಮಕ್ಕಳಿಗೆ ಲಯ ಕಲಿಸಬಲ್ಲವು.

ಅಲ್ಲಿ ನೆಟ್ಟಗಿರಲಿಲ್ಲ. ಕೋಲು ಪ್ಲಾಸ್ಟಿಕ್ಕಿನ ಮೇಲೆ ಬಿದ್ದ 'ಟಪ್' ಸದ್ದಿಗೂ ಟಿವಿಯ ಕೆಳಗಿನ ಸೌಂಡ್‌ಬಾರ್‌ನಿಂದ 'ಡಾನ್' ಬರುವುದಕ್ಕೂ ನಡುವೆ ಬರಿಯ ಕಿವಿಗೇ ತಿಳಿಯುವಷ್ಟು ಬಿಡುವಿತ್ತು. ಹುಡುಗ ಜಾಣ. ಕೇಳುವ ಹಾಡಿಗಿಂತ ಆ ಬಿಡುವಿನಷ್ಟೇ ಮುಂಚೆ ಬಾರಿಸುವುದನ್ನು ಕಲಿತಿದ್ದ. ಆಗ ಆಟ ಅಂಕ ಕೊಡುತ್ತದೆ, ತಡವಾಗಿ ಬರುವ 'ಡಾನ್' ಸದ್ದು ಅಷ್ಟೇ ತಡವಾಗಿ ಬರುವ ಹಾಡಿನೊಂದಿಗೆ ಸರಿಯಾಗಿ ಕೂಡುತ್ತದೆ, ಕಿವಿಗೆ ಎಲ್ಲವೂ ಸರಿ ಎನಿಸುತ್ತದೆ. ಕೈ ಮಾತ್ರ ಮುಂಚೆ ಬೀಳುತ್ತಿರುತ್ತದೆ. ತಡವಾಗಿ ಬರುವ ಪ್ರತಿಕ್ರಿಯೆಗೆ ನಮ್ಮ ಮಿದುಳು ಬೇಗ ಹೊಂದಿಕೊಳ್ಳುತ್ತದೆ ಎಂಬುದನ್ನು ಸಂಶೋಧಕರು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಇಡೀ ರಜೆ ಹೀಗೆ ಆಡಿದವನು ತಬಲಾದ ಮುಂದೆ ಕೂತಾಗ ಆ ಅಭ್ಯಾಸವನ್ನೂ ಹೊತ್ತು ತಂದಿದ್ದ.

ಎಷ್ಟು ತಡವಾಗುತ್ತಿದೆ ಎಂದು ಅಳೆಯಬೇಕೆನಿಸಿತು. ಮೊಬೈಲನ್ನು ಡೋಲಿನ ಪಕ್ಕದಲ್ಲಿಟ್ಟು ಧ್ವನಿಮುದ್ರಣ ಶುರು ಮಾಡಿ, ಹಾಡಿಲ್ಲದ ಪರದೆಯಲ್ಲಿ ಒಂದೊಂದೇ ಪೆಟ್ಟು ಹಾಕಲು ಹೇಳಿದೆ. ಆ ಕಡತವನ್ನು ಲ್ಯಾಪ್‌ಟಾಪಿಗೆ ಹಾಕಿ, ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ತೆರೆದು ಹಿಗ್ಗಿಸಿದೆ. ಮೊದಲು ಮುಳ್ಳಿನಂತೆ ಎದ್ದ ಒಂದು ತೆಳುಗೆರೆ, ಅದು ಕೋಲಿನ 'ಟಪ್'. ಆಮೇಲೆ ಬಹುದೂರ ಚಪ್ಪಟೆ. ಅದರಾಚೆ ದಪ್ಪನೆಯ ಗೊಂಚಲು, 'ಡಾನ್'. ನಡುವಿನ ಜಾಗವನ್ನು ಮೌಸಿನಿಂದ ಆಯ್ದಾಗ ಕೆಳಗೆ 0.27 ಸೆಕೆಂಡು ಎಂದು ತೋರಿಸಿತು. ನಿಮಿಷಕ್ಕೆ 120 ಬಡಿತಗಳ ಹಾಡಿನಲ್ಲಿ ಒಂದು ಬಡಿತಕ್ಕೆ ಸಿಗುವುದೇ ಅರ್ಧ ಸೆಕೆಂಡು. ಅದರ ಅರ್ಧಕ್ಕಿಂತ ಹೆಚ್ಚು ಕಾಲ ಸದ್ದು ದಾರಿಯಲ್ಲೇ ಇತ್ತು!

ಹುಡುಗನಿಗೆ ಇದನ್ನು ವಿವರಿಸಲು ನಮ್ಮ ದುಗ್ಗಮ್ಮನ ಜಾತ್ರೆಯನ್ನು ನೆನಪಿಸಿದೆ. ಮೆರವಣಿಗೆಯಲ್ಲಿ ದೂರದ ಡೊಳ್ಳಿನವನ ಕೋಲು ಬೀಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 34 ಮೀಟರ್ ದೂರದ ಡೊಳ್ಳು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ. ಹುಡುಗ ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ಹಾಗಾದರೆ ನಮ್ಮ ಸೌಂಡ್‌ಬಾರ್ 90 ಮೀಟರ್ ದೂರದಲ್ಲಿ ಇಟ್ಟ ಹಾಗಾಯಿತಲ್ಲ ಮಾವ!"

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ದೊಡ್ಡ ಪಾಲು ಬ್ಲೂಟೂತ್‌ನದ್ದು. ಗೋಡೆಯ ಮೇಲೆ ವೈರ್ ಕಾಣಬಾರದೆಂದು ಭಾವ ಟಿವಿಯಿಂದ ಸೌಂಡ್‌ಬಾರ್‌ಗೆ ಬ್ಲೂಟೂತ್‌ನಲ್ಲೇ ಸಂಪರ್ಕ ಕೊಟ್ಟಿದ್ದರು. ಬ್ಲೂಟೂತ್ ಸದ್ದನ್ನು ಕುಗ್ಗಿಸಿ, ತುಂಡು ತುಂಡಾಗಿ ಕಳಿಸುತ್ತದೆ. ಆ ಬದಿಯ ಸೌಂಡ್‌ಬಾರ್ ಸದ್ದು ಕಡಿದು ಹೋಗದಿರಲೆಂದು ಒಂದಿಷ್ಟನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ 100ರಿಂದ 200 ಮಿಲಿಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹೀಗೆ ಕಳೆದುಹೋಗುತ್ತದೆ. ಸಿನಿಮಾ ನೋಡುವಾಗ ಇದು ತಿಳಿಯದಿರಲು ಕಾರಣವಿದೆ: ಚಿತ್ರವನ್ನೂ ಅಷ್ಟೇ ತಡೆದು ತೋರಿಸಿದರೆ ತುಟಿಗೂ ಮಾತಿಗೂ ತಾಳೆಯಾಗುತ್ತದೆ. ಆಟದಲ್ಲಿ ಹಾಗಾಗದು. ನನ್ನ ಕೈ ಯಾವಾಗ ಬೀಳುತ್ತದೆಂದು ಯಂತ್ರಕ್ಕೆ ಮೊದಲೇ ಗೊತ್ತಿರುವುದಿಲ್ಲ.

ಹುಡುಗ ಆಟದ ಮೆನುವಿನಲ್ಲಿ ಸಮಯ ಹೊಂದಿಸುವ ಪುಟ ತೋರಿಸಿ, "ಇಲ್ಲಿ ಅಂಕಿ ಬದಲಿಸಿದರೆ ಸಾಕಲ್ಲವಾ?" ಎಂದ. ಹಲವರು ನಿಲ್ಲುವುದು ಇಲ್ಲಿಯೇ, ಆದರೆ ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹಾಡು ಆಟಕ್ಕೆ ಮೊದಲೇ ಗೊತ್ತು. ಅದು ಎಷ್ಟು ತಡವಾಗಿ ಕೇಳಿಸುತ್ತದೆಂದು ಹೇಳಿಕೊಟ್ಟರೆ, ಆಟ ಅಂಕ ಕೊಡುವ ಹೊತ್ತನ್ನು ಅಷ್ಟು ಮುಂದೂಡುತ್ತದೆ. ಆಗ ಕೈ ಕೇಳುವ ಹಾಡಿನೊಂದಿಗೇ ಬೀಳುತ್ತದೆ, ನಿಜ. ಆದರೆ ನಾವು ಬಾರಿಸಿದ 'ಡಾನ್' ಮಾತ್ರ ಪೆಟ್ಟಾದ ಮೇಲೆ 0.27 ಸೆಕೆಂಡಿಗೇ ಬರುತ್ತದೆ. ಯಾವ ಅಂಕಿ ಬದಲಿಸಿದರೂ ಅದು ಒಂದಿಷ್ಟೂ ಹತ್ತಿರ ಬರುವುದಿಲ್ಲ. ಗಿಟಾರ್ ಗುಂಡಿ ಒತ್ತುವ ಆಟಗಳಲ್ಲಿ ಇದು ಅಷ್ಟಾಗಿ ಕಾಡದು. ಡೋಲಿನಲ್ಲಿ ಕಾಡಿಯೇ ಕಾಡುತ್ತದೆ. ಮೊದಲು ನಿಜವಾದ ವಿಳಂಬವನ್ನು ಕಡಿಯಬೇಕು, ಉಳಿದುದಕ್ಕಷ್ಟೇ ಅಂಕಿ ಹಾಕಬೇಕು. ಈ ಕ್ರಮ ತಲೆಕೆಳಗಾಗಬಾರದು.

ಹಾಗಾಗಿ ಕಡಿಯಲು ಕೂತೆವು. ಬ್ಲೂಟೂತ್ ತೆಗೆದು ಟಿವಿಯ ಸ್ವಂತ ಸ್ಪೀಕರಿಗೆ ಬಂದಾಗಲೇ 0.14 ಸೆಕೆಂಡಿಗೆ ಇಳಿಯಿತು. ಟಿವಿಯ ಚಿತ್ರ ವಿಭಾಗದಲ್ಲಿ 'ಗೇಮ್ ಮೋಡ್' ಹಾಕಿದಾಗ ಇನ್ನಷ್ಟು ಇಳಿಯಿತು. ಹಳೆಯ ಡಬ್ಬಾ ಟಿವಿ ಸಂಕೇತ ಬಂದ ಹಾಗೆಯೇ ಗೆರೆಗೆರೆಯಾಗಿ ಚಿತ್ರ ಬರೆಯುತ್ತಿತ್ತು, ಅದರಲ್ಲಿ ಈ ತೊಂದರೆ ಇರಲೇ ಇಲ್ಲ. ಈಗಿನ ಚಪ್ಪಟೆ ಟಿವಿ ಬಂದ ಚಿತ್ರವನ್ನು ಹಿಡಿದಿಟ್ಟು, ನುಣುಪು ಮಾಡಿ, ಬಣ್ಣ ತಿದ್ದಿ ಆಮೇಲೆ ತೋರಿಸುತ್ತದೆ. ಎಷ್ಟೋ ಟಿವಿಗಳು ಆ ಚಿತ್ರಕ್ಕೆ ಹೊಂದಲೆಂದು ಸದ್ದನ್ನೂ ತಡೆಯುತ್ತವೆ. ಗೇಮ್ ಮೋಡ್ ಈ ಅಲಂಕಾರವನ್ನೆಲ್ಲ ಬದಿಗಿಡುತ್ತದೆ. ಸೌಂಡ್‌ಬಾರನ್ನು ಎಚ್‌ಡಿಎಂಐ ವೈರಿನಲ್ಲಿ ಜೋಡಿಸಿ ನೋಡಿದಾಗ ಟಿವಿಯ ಸ್ಪೀಕರಿಗಿಂತ ಹಿಂದೆ ಬಿತ್ತು. ಸರೌಂಡ್ ತೆಗೆದು, ಡಿಜಿಟಲ್ ಔಟ್‌ಪುಟ್ಟನ್ನು ಸದ್ದನ್ನು ಕುಗ್ಗಿಸದೆ ಕಳಿಸುವ 'ಪಿಸಿಎಂ'ಗೆ ಬದಲಿಸಿದ ಮೇಲೆ ಸುಧಾರಿಸಿತು. ಸದ್ದನ್ನು ಕುಗ್ಗಿಸುವ ಡಾಲ್ಬಿ ರೂಪಕ್ಕೆ ಕಟ್ಟಿ ಮತ್ತೆ ಬಿಚ್ಚುವ ಕೆಲಸವೂ ಸಮಯ ತಿನ್ನುತ್ತದೆ.

ಈ ತೊಡಕು ಆಟ ಮಾಡುವವರಿಗೆ ಗೊತ್ತಿಲ್ಲದ್ದೇನಲ್ಲ. 2008ರ 'ರಾಕ್ ಬ್ಯಾಂಡ್ 2' ಆಟದ ಗಿಟಾರಿನಲ್ಲೇ ಒಂದು ಬೆಳಕಿನ ಸಂವೇದಕ ಮತ್ತು ಒಂದು ಮೈಕ್ ಇದ್ದವು. ಗಿಟಾರನ್ನು ಟಿವಿಯ ಮುಂದೆ ಹಿಡಿದರೆ ಚಿತ್ರ ಮತ್ತು ಸದ್ದಿನ ತಡವನ್ನು ಅದೇ ಅಳೆದುಕೊಳ್ಳುತ್ತಿತ್ತು. ಎಲ್ಲ ಆಟಗಳೂ ಹೀಗೆ ಮಾಡಬೇಕಿತ್ತು ಎಂದು ನನ್ನ ಆಸೆ.

ನನ್ನ ಬಳಿ ಭಜನಾ ಮಂಡಳಿಯ ಹಳೆಯ ಸ್ಟೀರಿಯೊ ಆಂಪ್ಲಿಫಯರ್ ಒಂದಿದೆ. ಅದರಲ್ಲಿ ಸದ್ದನ್ನು ಹಿಡಿದಿಡುವ ಭಾಗವೇ ಇಲ್ಲ. ವೈರಿನಲ್ಲಿ ಬಂದದ್ದು ಹಾಗೆಯೇ ಸ್ಪೀಕರಿಗೆ ಹೋಗುತ್ತದೆ. ಹುಡುಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಒಂದು ತುದಿಗೆ ಹೆಡ್‌ಫೋನ್ ಪಿನ್, ಇನ್ನೊಂದು ತುದಿಗೆ ಕೆಂಪು-ಬಿಳಿ ಆರ್‌ಸಿಎ ಪಿನ್ ಇರುವ ವೈರ್ ತಂದೆವು. ಟಿವಿಯ ಹೆಡ್‌ಫೋನ್ ರಂಧ್ರದಿಂದ ಆಂಪ್ಲಿಫಯರಿಗೆ ಜೋಡಿಸಿದೆ.

ಭಾವ ಬಾಗಿಲಲ್ಲೇ ನಿಂತರು. "ಇಷ್ಟು ದುಡ್ಡು ಕೊಟ್ಟು ತಂದ ಸೌಂಡ್‌ಬಾರ್ ಬಿಟ್ಟು ನಿನ್ನ ಭಜನೆ ಪೆಟ್ಟಿಗೆ ಹಚ್ಚುತ್ತೀಯಾ?"

"ಭಾವ, ನೀವೇ ಒಂದು ಪೆಟ್ಟು ಹಾಕಿ ನೋಡಿ" ಎಂದು ಕೋಲು ಕೊಟ್ಟೆ. ಅವರು ಹಾಕಿದರು. ಮತ್ತೆ ಬ್ಲೂಟೂತ್‌ಗೆ ಬದಲಿಸಿ ಇನ್ನೊಂದು ಹಾಕಿಸಿದೆ. ಸಂಗೀತದ ಗಂಧವಿಲ್ಲ ಎಂದು ಸದಾ ಹೇಳಿಕೊಳ್ಳುವ ಅವರಿಗೂ ವ್ಯತ್ಯಾಸ ಆ ಕ್ಷಣದಲ್ಲೇ ತಿಳಿಯಿತು. ವೈರನ್ನು ಗೋಡೆಯ ಅಂಚಿಗೆ ಹೊಡೆಯಲು ತಾವೇ ಕ್ಲಿಪ್ಪು ಹುಡುಕಿ ತಂದರು.

ಕೊನೆಯ ಅಳತೆ 0.09 ಸೆಕೆಂಡು. ಸೊನ್ನೆಯಾಗದು, ಕನ್ಸೋಲಿನೊಳಗೆ, ಅಂದರೆ ಆಟ ನಡೆಸುವ ಯಂತ್ರದೊಳಗೆ, ಆಟವೇ ಒಂದಿಷ್ಟು ಕಾಲ ತೆಗೆದುಕೊಳ್ಳುತ್ತದೆ, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಸ್ಪೀಕರ್ ಮೂರು ಮೀಟರ್ ದೂರವಿದ್ದರೆ ಬರಿಯ ಗಾಳಿಯಲ್ಲೇ 9 ಮಿಲಿಸೆಕೆಂಡು ಹೋಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಳಿದ ತಡಕ್ಕೆ ಮೆನುವಿನ ಅಂಕಿಯನ್ನು ಹೊಂದಿಸಿದೆವು. ಮೊದಲು ಕಣ್ಣು ಮುಚ್ಚಿಕೊಂಡು ಕಿವಿಯಿಂದಷ್ಟೇ ಹೊಂದಿಸಲು ಹುಡುಗನಿಗೆ ಹೇಳಿದೆ, ಚಿತ್ರದ ಹೊಂದಾಣಿಕೆ ಆಮೇಲೆ ಮಾಡಿದೆವು. ಹೊಸ ಜೋಡಣೆಯಲ್ಲಿ ಅವನ ಮೊದಲ ಅಂಕಗಳು ಪಾತಾಳಕ್ಕಿಳಿದವು, ಕೈಗೆ ಮುಂಚೆ ಬೀಳುವ ರೂಢಿ ಇನ್ನೂ ಇತ್ತಲ್ಲ. ಸಂಜೆಯ ಹೊತ್ತಿಗೆ ಮತ್ತೆ ಮೇಲೇರಿದವು. ತಬಲಾದಲ್ಲಿ ಕೈ ಸಮಕ್ಕೆ ಬಂದು ಕೂರಲು ಮಾತ್ರ ಇನ್ನಷ್ಟು ಪಾಠಗಳು ಬೇಕಾದವು.

ಈ ಸಂಗತಿ ಕೇಳಿದ ತಂದೆತಾಯಿಯರು ಬ್ಲೂಟೂತ್ ಸ್ಪೀಕರಿನಲ್ಲಿ ಲೆಹರಾ ಹಾಕಿಕೊಂಡು ಅಭ್ಯಾಸ ಮಾಡುವುದೂ ತಪ್ಪೇ ಎಂದು ಕೇಳುತ್ತಾರೆ. ತಪ್ಪಲ್ಲ. ಅಲ್ಲಿ ತಬಲಾದ ಸದ್ದು ಚರ್ಮದಿಂದಲೇ ಬರುತ್ತದೆ, ಲೆಹರಾ ಹೊರಡುವಾಗ ತಡವಾದರೂ ಕೇಳುವ ಸ್ವರಕ್ಕೇ ಕೈ ಕೂಡುತ್ತದೆ. ಕೈಯ ಪೆಟ್ಟು ಯಂತ್ರದೊಳಗೆ ಹೋಗಿ ಸದ್ದಾಗಿ ಹೊರಬರುವಲ್ಲಿ ಮಾತ್ರ ಎಚ್ಚರ ಬೇಕು: ಡ್ರಮ್ ಆಟ, ಮೊಬೈಲಿನ ತಾಳದ ಆಟ, ಎಲೆಕ್ಟ್ರಾನಿಕ್ ಪ್ಯಾಡ್. ಅವುಗಳಿಗೆ ವೈರ್ ಇರುವ ಇಯರ್‌ಫೋನ್ ಕೊಡಿಸಿ ಎನ್ನುತ್ತೇನೆ. ಅಕ್ಕನ ಮನೆಯಲ್ಲಿ ರಾತ್ರಿ ಸಿನಿಮಾಕ್ಕೆ ಸೌಂಡ್‌ಬಾರ್, ಡೋಲಿಗೆ ಭಜನೆ ಪೆಟ್ಟಿಗೆ ಎಂದು ತೀರ್ಮಾನವಾಗಿದೆ. ಬದಲಿಸಲು ರಿಮೋಟಿನಲ್ಲಿ ಮೂರು ಗುಂಡಿ ಒತ್ತಿದರೆ ಸಾಕು.