ಎರಡನೇ ಗೇಟಿನ ಹಳಿ, ಪುನರ್ವಸು ಮಳೆ, ಸೈಕಲ್ ಟೈರು

ಪುನರ್ವಸು ಮಳೆ ಬೆಳಗಾವಿಯಲ್ಲಿ ಹಿಡಿದರೆ ಬೇಗ ಬಿಡುವುದಿಲ್ಲ. ಜುಲೈ ತಿಂಗಳ ಆ ಬೆಳಿಗ್ಗೆ ಏಳೂವರೆಯಾದರೂ ಕಾಂಗ್ರೆಸ್ ರಸ್ತೆಯಲ್ಲಿ ಇನ್ನೂ ಮಬ್ಬು. ಉದ್ಯಮಬಾಗ ಕೈಗಾರಿಕಾ ಪ್ರದೇಶದ ಎಂಟರ ಪಾಳಿಗೆ ಹೊರಟವರ ಸೈಕಲ್‌ಗಳು ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ನಿಂತಿದ್ದವು. ಗೇಟು ಎದ್ದದ್ದೇ ತಡ, ಎರಡೂ ಕಡೆಯವರು ಒಟ್ಟಿಗೇ ನುಗ್ಗಿದರು. ಐದೇ ನಿಮಿಷದಲ್ಲಿ ಎರಡು ಸೈಕಲ್ ಬಿದ್ದವು, ಒಂದು ಹಳಿಯ ಮೇಲೆ, ಇನ್ನೊಂದು ಮುಂದೆ ತಿರುವಿನ ಬಿಳಿ ಪಟ್ಟಿಯ ಮೇಲೆ. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ. ಸುತ್ತ ನಿಂತವರ ಮಾತು ಎರಡಕ್ಕೂ ಒಂದೇ: "ಟೈರ್ ಸವದಾವ್ರಿ, ಜಾರದ ಏನ್ ಮಾಡ್ತಾವು?"

ಹಳಿಯ ಮೇಲೆ ಬಿದ್ದ ಸೈಕಲ್ಲಿನ ಟೈರು ಹೊಚ್ಚ ಹೊಸದು. ಪಟ್ಟಿಯ ಮೇಲೆ ಬಿದ್ದದ್ದು ದಪ್ಪ ಗುಬ್ಬಿಗಳ ಬಟನ್ ಟೈರಿನದು, ಗುಬ್ಬಿಗಳು ಅರ್ಧವೂ ಸವೆದಿರಲಿಲ್ಲ.

ಟೈರಿನ ಗೆರೆಗಳ ಮೇಲೆ ನಾವಿಡುವ ನಂಬಿಕೆ ಕಾರಿನಿಂದ ಬಂದದ್ದು. ಕಾರಿನ ಟೈರು ಅಗಲ, ಚಪ್ಪಟೆ, ವೇಗವೂ ಹೆಚ್ಚು. ಅಡಿಯ ನೀರಿಗೆ ಪಕ್ಕಕ್ಕೆ ಸರಿಯಲು ಹೊತ್ತು ಸಾಲದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಅದಕ್ಕೇ ಅಲ್ಲಿ ಗೆರೆ ಬೇಕು. ಸೈಕಲ್ ಟೈರು ಕಿರಿದು, ದುಂಡು. ದೋಣಿಯ ಮೂತಿಯ ಹಾಗೆ ನೀರನ್ನು ಸೀಳಿಕೊಂಡು ಡಾಂಬರಿಗೆ ತಾಗುತ್ತದೆ. ವಿಮಾನದ ಟೈರುಗಳಿಗಾಗಿ ಕಂಡುಕೊಂಡ ಲೆಕ್ಕದ ಪ್ರಕಾರ ತೇಲುವ ವೇಗ ಒಳಗಿನ ಹವಾದ ಒತ್ತಡವನ್ನು ಅವಲಂಬಿಸುತ್ತದೆ. ಒತ್ತಡ 40 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಇದ್ದರೆ ಅದು ಗಂಟೆಗೆ 100 ಕಿ.ಮೀ. ದಾಟುತ್ತದೆ. ಪಾಳಿಗೆ ಹೋಗುವ ಸೈಕಲ್ 15-20ರಲ್ಲಿ ಓಡುತ್ತದೆ. ಬಟನ್ ಟೈರು ರಾಡಿಯಲ್ಲಿ ಕಚ್ಚಿ ಹಿಡಿಯುತ್ತದೆ ನಿಜ, ಡಾಂಬರಿನ ಮೇಲೆ ಮಾತ್ರ ಅದರ ಗುಬ್ಬಿಗಳ ತುದಿಯಷ್ಟೇ ತಾಗುತ್ತದೆ; ತಿರುವಿನಲ್ಲಿ ಆ ಗುಬ್ಬಿಗಳೂ ಬಾಗುತ್ತವೆ. ದಿನಾ ಡಾಂಬರಿನಲ್ಲೇ ಓಡಾಡುವವರಿಗೆ ತೆಳು ಗೆರೆಯ ಟೈರೇ ಸರಿ.

ಹಿಡಿತ ಕೊಡುವುದು ರಬ್ಬರು, ಆಮೇಲೆ ಹವಾ. ರಬ್ಬರನ್ನು ಉಗುರಿನಿಂದ ಒತ್ತಿ ನೋಡಬೇಕು. ಗುರುತು ಮೂಡಿ ತಾನಾಗಿ ಮಾಯವಾದರೆ ಜೀವ ಇದೆ. ಉಗುರೇ ಜಾರಿದರೆ, ಬದಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ, ಗೆರೆ ಎಷ್ಟೇ ಆಳ ಇರಲಿ, ಆ ಟೈರು ಹಸಿ ರಸ್ತೆಗೆ ಬೇಡ. ಎರಡು ಬೇಸಿಗೆ ಬಿಸಿಲಲ್ಲಿ ನಿಂತ ಸೈಕಲ್ಲಿನ ರಬ್ಬರು ಹಾಗೇ ಗಟ್ಟಿಯಾಗುತ್ತದೆ, ಬಟನ್ ಟೈರಿಗೆ ಆಗಿದ್ದು ಅದೇ. ಟೈರು ಕರ್ರಗೆ ಹೊಳೆಯಲೆಂದು ಸೀಮೆಎಣ್ಣೆ, ಹಳೇ ಆಯಿಲ್ ಒರೆಸುವ ರೂಢಿ ಇನ್ನೂ ಇದೆ. ದಯವಿಟ್ಟು ಬಿಡಬೇಕು. ಎಣ್ಣೆ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಮೊದಲ ಮಳೆಗೆ ಸಾಬೂನಿನಂತೆ ಜಾರುತ್ತದೆ. ಚೈನಿಗೆ ಎಣ್ಣೆ ಬಿಡುವಾಗಲೂ ಹಿಂದಿನ ಟೈರಿಗೆ ಬಟ್ಟೆ ಮುಚ್ಚಿಕೊಳ್ಳುವುದು ಒಳ್ಳೆಯದು.

ಹೊಸ ಟೈರಿನ ತೊಂದರೆ ಬೇರೆ. ಅಚ್ಚಿನಿಂದ ಬಿಡಿಸಿದ ನುಣುಪು ಅದರ ಮೈಮೇಲೆ ಉಳಿದಿರುತ್ತದೆ. ಸೋಪಿನ ಪುಡಿ ಕಲಸಿದ ನೀರು, ನಾರಿನ ಬ್ರಷ್ಷು ಹಿಡಿದು ಉಜ್ಜಿ ತೊಳೆದು, ಮೊದಲ 10-15 ಕಿ.ಮೀ. ಸಾವಕಾಶ ಓಡಿಸಿದರೆ ಹೋಗುತ್ತದೆ. ಮಳೆಗಾಲಕ್ಕೆ ಟೈರು ಹಾಕಿಸುವುದಾದರೆ ಮೇ ತಿಂಗಳಲ್ಲೇ ಹಾಕಿಸಿ.

ಈಗ ಹವಾ. "ಗಟ್ಟಿ ಹಾಕ್ರಿ, ವಾರಕ್ಕೊಮ್ಮೆ ಬರಾಕ ಆಗೂದಿಲ್ಲ" ಎನ್ನುವವರೇ ಹೆಚ್ಚು. ಕಲ್ಲಿನಂತೆ ತುಂಬಿದ ಟೈರು ಡಾಂಬರಿನ ಖಡಿಗೆ ಮೆತ್ತಿಕೊಳ್ಳುವುದಿಲ್ಲ, ಪುಟಿಯುತ್ತದೆ. ಪುಟಿದ ಗಳಿಗೆಯಲ್ಲಿ ಹಿಡಿತವೇ ಇಲ್ಲ. ಹಿಂದಿನ ಗಾಲಿಯ ಮೇಲೆ 45 ಕಿಲೋ ಭಾರ ಎಂದುಕೊಳ್ಳಿ. 65 ಪಿಎಸ್‌ಐಗೆ ನೆಲಕ್ಕೆ ತಾಗುವ ಜಾಗ ಸುಮಾರು 10 ಚದರ ಸೆಂ.ಮೀ., 45ಕ್ಕೆ 14. ಮಳೆಗಾಲದಲ್ಲಿ ಎಂದಿಗಿಂತ 5-10 ಪಿಎಸ್‌ಐ ಕಡಿಮೆ ಇರಲಿ, ಮುಂದಿನ ಗಾಲಿಗೆ ಹಿಂದಿನದಕ್ಕಿಂತ ಕಡಿಮೆ. ವಾಲ್‌ಟ್ಯೂಬ್ (ಸಣ್ಣ ರಬ್ಬರ್ ನಳಿಗೆ) ಇರುವ ಹಳೆ ಮಾದರಿಯ ವಾಲ್ವಿನಲ್ಲಿ ಮೀಟರು ಸರಿಯಾಗಿ ತೋರಿಸುವುದಿಲ್ಲ, ಹೆಬ್ಬೆರಳು ಒತ್ತಿ ಹೇಳುವುದು ಬರೀ ಅಂದಾಜು. ಶಾಲೆಯ ಸ್ಕೇಲ್ ಸಾಕು. ಖಾಲಿ ಸೈಕಲ್ಲಿನಲ್ಲಿ ರಿಮ್ಮಿನ ಅಂಚಿನಿಂದ ನೆಲಕ್ಕೆ ಅಳೆಯಿರಿ. ಆಮೇಲೆ ಗೋಡೆಗೆ ಕೈಯಾನಿಸಿ, ಬುತ್ತಿ ಚೀಲದ ಸಮೇತ ಹತ್ತಿ ಕೂತು ಇನ್ನೊಬ್ಬರಿಂದ ಅಳೆಸಿ. 28×1½ ಇಂಚಿನ ಟೈರು 5-6 ಮಿ.ಮೀ. ಕುಸಿದರೆ ಹದ. ಎರಡು ಮಿ.ಮೀ. ಮಾತ್ರ ಕುಸಿದರೆ ಹವಾ ಬಿಡಿ. ಹತ್ತು ಕುಸಿದರೆ ತುಂಬಿ, ಇಲ್ಲದಿದ್ದರೆ ಹಳಿಯ ಅಂಚಿಗೆ ಬಡಿದು ಟ್ಯೂಬಿಗೆ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹವಾ ತೀರಾ ಕಡಿಮೆಯಾದರೆ ಟ್ಯೂಬು ರಿಮ್ಮಿನೊಳಗೆ ಜರುಗುತ್ತದೆ. ವಾಲ್ವು ಓರೆ ನಿಂತದ್ದು ಕಂಡರೆ ಕಾರಣ ಅದೇ.

ಆದರೂ ಹಳಿಯ ಮೇಲೆ ಯಾವ ರಬ್ಬರೂ ಉಳಿಸದು. ಒದ್ದೆ ಉಕ್ಕಿಗೆ ರಬ್ಬರು ಕಚ್ಚಿಕೊಳ್ಳಲು ಖಡಿಯ ಒರಟು ಇಲ್ಲ. ಪಕ್ಕದಲ್ಲೇ ರೈಲು ಗಾಲಿಯ ಅಂಚಿಗೆಂದು ಬಿಟ್ಟ ಸಂದಿ, ಓರೆ ಬಂದ ಗಾಲಿಯನ್ನು ಎಳೆದುಕೊಳ್ಳಲು ಕಾದಿರುತ್ತದೆ. ಗೇಟಿನ ರಸ್ತೆ ನೇರವೇ ಇದ್ದರೂ ಎದುರಿನ ಗಾಡಿಗಳನ್ನು ತಪ್ಪಿಸುತ್ತ ಹೋಗುವವರು ಹಳಿಗೆ ಓರೆಯಾಗಿ ಸಿಗುತ್ತಾರೆ. ಬೆಳಿಗ್ಗೆ ಬಿದ್ದ ಸೈಕಲ್ ಹಾಗೇ ಸಿಕ್ಕಿತ್ತು. ಹಳಿಗೆ ಎರಡು ಮೀಟರ್ ಮೊದಲೇ ಬ್ರೇಕು ಮುಗಿಸಿ, ಹ್ಯಾಂಡಲ್ ನೇರ ಮಾಡಿ, ಪೆಡಲ್ ನಿಲ್ಲಿಸಿ, ಸೀಟಿನಿಂದ ತುಸು ಎದ್ದು, ಓರೆಯಾಗದೆ ಹಳಿಗೆ ನೇರ ಅಡ್ಡವಾಗಿ ದಾಟಬೇಕು. ಹಳಿಯ ಮೇಲೆ ಬ್ರೇಕು ಮುಟ್ಟಬಾರದು, ಹೊರಳಬಾರದು. ನೇರ ದಾರಿ ಸಿಗದಿದ್ದರೆ ಇಳಿದು ನೂಕಿಕೊಂಡು ಹೋಗುವುದಕ್ಕೆ ನಾಚಬೇಕಿಲ್ಲ.

ತಿರುವಿನ ಲೆಕ್ಕ ಇನ್ನೂ ಸ್ಪಷ್ಟ. ಒಣ ಡಾಂಬರು ಭಾರದ ಹತ್ತು ಪಾಲಿನಲ್ಲಿ ಎಂಟರಷ್ಟು ಹಿಡಿತ ಕೊಟ್ಟರೆ, ಹಸಿಯದು ಐದರ ಆಸುಪಾಸು. ಬಿಳಿ ಬಣ್ಣ, ಗಟಾರದ ಚೇಂಬರಿನ ಕಬ್ಬಿಣದ ಮುಚ್ಚಳ ಅದಕ್ಕೂ ಬಹಳ ಕಡಿಮೆ. ಐದು ಮೀಟರ್ ತ್ರಿಜ್ಯದ ತಿರುವಿಗೆ 10 ಕಿ.ಮೀ. ವೇಗದಲ್ಲಿ ಒಂದೂವರೆ ಪಾಲು ಬೇಕು, 15ಕ್ಕೆ ಮೂರೂವರೆ, 20ಕ್ಕೆ ಆರಕ್ಕೂ ಹೆಚ್ಚು. 20ರಲ್ಲಿ ಹಸಿ ಡಾಂಬರೇ ತಡೆಯದು, ಬಣ್ಣದ ಪಟ್ಟಿಯ ಪಾಡೇನು? ಪಟ್ಟಿ ಬರುವ ಮೊದಲು ಹೊರಳಿ ಮುಗಿಸಿ, ಇಲ್ಲವೇ ದಾಟಿದ ಮೇಲೆ ಹೊರಳಿ. ಜೂನ್ ಮೊದಲ ವಾರ ಮುಗಿಯುತ್ತಲೇ ಬರುವ ಮಿರಗದ (ಮೃಗಶಿರಾ) ಮಳೆಗೆ ಇನ್ನೂ ಹೆಚ್ಚು ಹೆದರಬೇಕು. ನಾಲ್ಕು ತಿಂಗಳ ಧೂಳು, ಡೀಸೆಲ್ ಹನಿ, ಟೈರಿನ ಪುಡಿ ಮೊದಲ ಹನಿಗಳಿಗೆ ಕಲಸಿ ಲೋಳೆಯಾಗುತ್ತವೆ. ಜೋರು ಮಳೆ ತೊಳೆದುಕೊಂಡು ಹೋಗುವವರೆಗೆ ಕಾದರೆ ಅದೇ ರಸ್ತೆ ಎಷ್ಟೋ ವಾಸಿ.

ಬ್ರೇಕು ಹಿಡಿದಾಗ ಹಿಂದಿನ ಗಾಲಿ ಜಾರಿದರೆ ಬಿಟ್ಟು ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಸೈಕಲ್ ಆಗಲೇ ನೆಲದ ಮೇಲೆ. ಸಲಾಕೆ (ಕಬ್ಬಿಣದ ಕಡ್ಡಿ) ಬ್ರೇಕಿನ ಸೈಕಲ್ಲಿನ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ರಬ್ಬರು ಮೊದಲು ನೀರನ್ನಷ್ಟೇ ಒರೆಸುತ್ತದೆ. ಗಾಲಿ ಕೆಲವು ಸುತ್ತು ಸುತ್ತಿದ ಮೇಲೇ ಹಿಡಿಯುವುದು. 20 ಕಿ.ಮೀ. ವೇಗದಲ್ಲಿ ಒಣಗಿದಾಗ ಐದು ಮೀಟರಿನಲ್ಲಿ ನಿಲ್ಲುವ ಸೈಕಲ್ಲಿಗೆ, ಬ್ರೇಕಿನ ಬಲ ಮೂರರಲ್ಲೊಂದು ಪಾಲಾದರೆ ಹದಿನೈದು ಮೀಟರ್ ಬೇಕು. ಗೇಟಿನ ಸಾಲು ದೂರದಲ್ಲಿ ಕಂಡಾಗಲೇ ಎರಡೂ ಬ್ರೇಕನ್ನು ಮೆಲ್ಲಗೆ ತಾಗಿಸಿ ರಿಮ್ಮು ಒಣಗಿಸಿಕೊಂಡಿರಬೇಕು.

ಸಂಜೆ ಪಾಳಿ ಬಿಟ್ಟಾಗ ಮಳೆ ಜೋರಾಗಿತ್ತು, ಗಟಾರ ತುಂಬಿ ರಸ್ತೆಗೆ ಹರಿದಿತ್ತು. ಉದ್ಯಮಬಾಗದ ಮಷಿನ್ ಶಾಪುಗಳ ಮುಂದೆ ಬಿದ್ದ ಲೇತಿನ ಲೋಹದ ಚೂರು ಒಣ ದಿನ ಟೈರಿಗೆ ತಾಗಿ ಸಿಡಿದು ಹೋಗುತ್ತದೆ. ಹಸಿಯಿದ್ದಾಗ ರಬ್ಬರಿಗೆ ಅಂಟುತ್ತದೆ, ನೀರು ಎಣ್ಣೆಯಂತೆ ಕೆಲಸ ಮಾಡಿ ಕೊಯ್ಯುವುದನ್ನೂ ಸುಲಭ ಮಾಡುತ್ತದೆ. ಮನೆ ಮುಟ್ಟಿದ ಕೂಡಲೇ ಗಾಲಿ ಎತ್ತಿ ಸಾವಕಾಶ ತಿರುಗಿಸುತ್ತ, ಟಾರ್ಚ್ ಹಿಡಿದು, ಪಿನ್ನಿನ ತುದಿಯಿಂದ ಒಂದೊಂದನ್ನೂ ಕೀಳಬೇಕು. ಆ ಸಂಜೆ ಹಿಂದಿನ ಟೈರೊಂದರಲ್ಲಿ ಮೂರು ಚೂರು ಸಿಕ್ಕವು. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ್ದ ಮೂರನೆಯದು ದಾರದ ಪದರದವರೆಗೆ ಇಳಿದಿತ್ತು, ಟ್ಯೂಬಿಗಿನ್ನೂ ತಾಗಿರಲಿಲ್ಲ.