ತೈವಾನಿನಲ್ಲಿ ಯಾರನ್ನು ನೋಡಿದರೂ ವಕೀಲರೇ, ಅದು ಹೇಗೆ?

ತೈವಾನಿನ ದಕ್ಷಿಣದಲ್ಲಿರುವ ಬಂದರು ಊರು ಕಾವೋಶುಂಗ್‌ನಲ್ಲಿ ಎರಡು ವರ್ಷ ಇದ್ದು ಬಂದವನು ನಾನು. ಊರಿಗೆ ಹೋದಾಗಲೆಲ್ಲ ಮೊದಲ ಪ್ರಶ್ನೆ ಊಟದ್ದು. ಅದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಎರಡನೆಯದು ಸಾಗರದ ಕೋರ್ಟಿನಲ್ಲಿ ವಕೀಲಿ ಮಾಡುವ ನಮ್ಮ ಭಾವ ಶುರು ಮಾಡಿದ್ದು, ಈಗ ಅವರ ಸ್ನೇಹಿತರೂ ಫೋನ್ ಮಾಡಿ ಕೇಳುತ್ತಾರೆ: "ಅಲ್ಲಿ ಅಧ್ಯಕ್ಷ, ಪ್ರಧಾನಿ, ಮೇಯರ್, ಯಾರ ಹೆಸರು ತೆಗೆದರೂ ಮೊದಲು ವಕೀಲರಾಗಿದ್ದರು ಅಂತೀಯಲ್ಲ, ಅದು ಹೇಗೆ ಮಾರಾಯಾ?"

ಈಗಿನ ಅಧ್ಯಕ್ಷ ಲಾಯ್ ಚಿಂಗ್‌ತೆ ಡಾಕ್ಟರು, ಹಾಗಾಗಿ 'ಯಾರ ಹೆಸರು ತೆಗೆದರೂ' ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಆದರೂ ಭಾವನ ಮಾತಿನಲ್ಲಿ ಹುರುಳಿದೆ. ನನ್ನ ಉತ್ತರ ಇಷ್ಟೇ: ಎಲ್ಲ ಶುರುವಾಗಿದ್ದು ಒಂದೇ ಒಂದು ಕೇಸಿನಿಂದ. ಆ ಕೇಸನ್ನು ವಕೀಲರು ಸೋತರು.

1979ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ತೈವಾನಿನಲ್ಲಿ ಆಗ ಮಿಲಿಟರಿ ಕಾನೂನು. 1949ರಲ್ಲಿ ಹೇರಿದ್ದು 1987ರ ತನಕ ಇತ್ತು. ಹೊಸ ಪಕ್ಷ ಕಟ್ಟುವ ಹಾಗಿಲ್ಲ. ಆಳುವ ಪಕ್ಷಕ್ಕೆ ಸೇರದವರು ಸುಮ್ನೆ 'ಪಕ್ಷದ ಹೊರಗಿನವರು' ಅಂತ ಕರೆಸಿಕೊಂಡು ಸ್ಥಳೀಯ ಚುನಾವಣೆಗೆ ಒಬ್ಬೊಬ್ಬರಾಗಿ ನಿಲ್ಲುತ್ತಿದ್ದರು. ಅವತ್ತು ಸಂಜೆ ಕಾವೋಶುಂಗ್‌ನಲ್ಲಿ 'ಫಾರ್ಮೋಸಾ' ಪತ್ರಿಕೆಯ ಗುಂಪು ಮೆರವಣಿಗೆ ಮಾಡಿತು, ಪೊಲೀಸರ ಜೊತೆ ಬಡಿದಾಟವಾಯಿತು, ಮುಖಂಡರೆಲ್ಲ ಒಳಗೆ ಹೋದರು. 1980ರ ಮಾರ್ಚ್‌ನಲ್ಲಿ ಎಂಟು ಜನರ ಮೇಲೆ ಮಿಲಿಟರಿ ಕೋರ್ಟಿನಲ್ಲಿ ವಿಚಾರಣೆ. ದೇಶದ್ರೋಹದ ಆರೋಪ. ಗಲ್ಲೂ ಆಗಬಹುದಿತ್ತು.

ಇಂಥ ಕೇಸಿಗೆ ವಕಾಲತ್ತು ಹಾಕುವವರು ಯಾರು? ಹದಿನೈದು ಜನ ಬಂದರು. ಅದರಲ್ಲಿ ಮೂವರನ್ನು ನೋಡಿ. ಚೆನ್ ಶುಯ್‌ಬಿಯಾನ್, ಹಡಗು ವ್ಯಾಪಾರದ ಕೇಸುಗಳನ್ನು ನೋಡಿಕೊಂಡು ಚೆನ್ನಾಗಿ ಸಂಪಾದಿಸುತ್ತಿದ್ದವರು. ಸು ತ್ಸೆಂಗ್‌ಚಾಂಗ್. ಮತ್ತೆ ಫ್ರಾಂಕ್ ಶಿಯೆ, ಪೂರ್ತಿ ಹೆಸರು ಶಿಯೆ ಚಾಂಗ್‌ತಿಂಗ್. ಯಾರಿಗೂ ಇನ್ನೂ 35 ತುಂಬಿರಲಿಲ್ಲ. ಶಿಯೆ ಮತ್ತು ಸು ವಾದಿಸಿದ್ದು ಯಾವ್ ಚಿಯಾವೆನ್ ಪರವಾಗಿ. ಆ ಯಾವ್ ಕೂಡ ವಕೀಲರೇ! ಎಂಟೂ ಜನರಿಗೆ ಶಿಕ್ಷೆಯಾಯಿತು. ಒಬ್ಬರಿಗೆ ಜೀವಾವಧಿ, ಒಬ್ಬರಿಗೆ 14 ವರ್ಷ, ಉಳಿದವರಿಗೆ 12.

ಆದರೆ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಲಿಲ್ಲ, ಪತ್ರಕರ್ತರು ಕೂತು ಬರೆದುಕೊಂಡರು. ಅಷ್ಟು ವರ್ಷ ಬಾಯಲ್ಲಿ ಆಡಲು ಹೆದರುತ್ತಿದ್ದ ಮಾತುಗಳೆಲ್ಲ ಆರೋಪಿಗಳ ಹೇಳಿಕೆ, ವಕೀಲರ ವಾದ ಅಂತ ಪೇಪರಿನಲ್ಲಿ ಅಚ್ಚಾಗಿ ಮನೆಮನೆಗೆ ಹೋದವು. ಮುಖಂಡರು ಜೈಲಿನಲ್ಲಿ, ಹೊರಗೆ ಜನ ಹೆಸರು ಹಿಡಿದು ಗುರುತಿಸುವವರು ಯಾರು ಉಳಿದರು ಹೇಳಿ? ಅವರ ಹೆಂಡತಿಯರು ಮತ್ತು ಅವರ ವಕೀಲರು. ಇಬ್ಬರೂ ಚುನಾವಣೆಗೆ ನಿಂತರು. 1981ರಲ್ಲಿ ಚೆನ್ ಮತ್ತು ಶಿಯೆ ತೈಪೆ ನಗರಸಭೆಗೆ, ಸು ಪ್ರಾಂತೀಯ ಸಭೆಗೆ ಗೆದ್ದರು. ಮುಂದೆ ಚೆನ್ ಎರಡು ಸಲ ಅಧ್ಯಕ್ಷರಾದರು (ಆಮೇಲೆ ಭ್ರಷ್ಟಾಚಾರದ ಕೇಸಿನಲ್ಲಿ ಜೈಲಿಗೂ ಹೋದರು). ಇನ್ನಿಬ್ಬರೂ ಪ್ರಧಾನಿಯಾದರು.

ಇಲ್ಲಿಗೆ ಭಾವ "ಸರಿ, ಹೆಸರು ಬಂತು, ಗೆದ್ದರು. ಗೆದ್ದು ಊರಿಗೆ ಏನು ಮಾಡಿದರು?" ಅಂತ ಪಾಟಿ ಸವಾಲು ಶುರು ಮಾಡುತ್ತಾರೆ. ಆಗ ನಾನು ಶಿಯೆ ಹತ್ತಿರ ನಿಲ್ಲುತ್ತೇನೆ, ಯಾಕಂದರೆ ಅವರ ಊರಿನಲ್ಲೇ ನಾನಿದ್ದದ್ದು. ನಿಜ ಹೇಳಬೇಕೆಂದರೆ ಅದು ಅವರ ಊರಲ್ಲ. ಅವರು ಅಪ್ಪಟ ತೈಪೆಯವರು.

1986ರ ಸೆಪ್ಟೆಂಬರ್ 28ರಂದು, ನಿಷೇಧ ಇನ್ನೂ ಇದ್ದಾಗಲೇ, ತೈಪೆಯ ಗ್ರ್ಯಾಂಡ್ ಹೋಟೆಲಿನಲ್ಲಿ ವಿರೋಧಿಗಳೆಲ್ಲ ಸೇರಿ ಪಕ್ಷ ಕಟ್ಟಿಯೇ ಬಿಟ್ಟರಲ್ಲ, ಆ ಪಕ್ಷಕ್ಕೆ 'ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿ' ಅನ್ನುವ ಹೆಸರು ಸೂಚಿಸಿದ್ದು ಶಿಯೆ. ಆಮೇಲೆ ಸಂಸದರಾದರು, 1996ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಆದರೆ ನನಗೆ ಅವರು ಹಿಡಿಸಿದ್ದು 1997ರ ನವೆಂಬರ್‌ನ ಒಂದು ರಾತ್ರಿಗಾಗಿ. ಕೊಲೆ ಮಾಡಿ ತಿಂಗಳುಗಟ್ಟಲೆ ತಲೆಮರೆಸಿಕೊಂಡಿದ್ದ ಒಬ್ಬ, ತೈಪೆಯಲ್ಲಿ ದಕ್ಷಿಣ ಆಫ್ರಿಕಾದ ಮಿಲಿಟರಿ ಅಧಿಕಾರಿಯ ಮನೆಗೆ ನುಗ್ಗಿ ಇಡೀ ಕುಟುಂಬವನ್ನು ಒತ್ತೆ ಇಟ್ಟುಕೊಂಡ. ಗುಂಡು ಹಾರಿತು, ಇಬ್ಬರಿಗೆ ಗಾಯವಾಯಿತು. ಆ ಮನೆಯೊಳಗೆ ಶಿಯೆ ಬರಿಗೈಯಲ್ಲಿ ಹೋಗಿ ಕೂತು ಮಾತಾಡಿದರು. ಅವನ ಬೇಡಿಕೆ ತನ್ನ ಹೆಂಡತಿಯ ಬಗ್ಗೆ, ಪೊಲೀಸರು ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಸಿಕೊಂಡಿದ್ದಾರೆ ಅಂತ. "ಅವಳ ಕೇಸು ನಾನು ನೋಡುತ್ತೇನೆ" ಎಂದು ಶಿಯೆ ಮಾತು ಕೊಟ್ಟರು. ಒಬ್ಬೊಬ್ಬರಾಗಿ ಒತ್ತೆಯಾಳುಗಳು ಹೊರಗೆ ಬಂದರು, ಮಾರನೆಯ ದಿನ ಅವನೂ ಶರಣಾದ. ಕೊಲೆಗಡುಕನ ಜೊತೆ ಮಾತೇನು ಅಂತ ಬೈದವರೂ ಕಡಿಮೆ ಇಲ್ಲ. ಭಾವ ಮಾತ್ರ ಇದನ್ನು ಕೇಳಿ ಒಂದು ನಿಮಿಷ ಸುಮ್ಮನಿದ್ದು, "ಫೀಸು ಕೊಟ್ಟರಂತಾ?" ಅಂದರು.

ಮರುವರ್ಷ ಕಾವೋಶುಂಗ್ ಮೇಯರ್ ಚುನಾವಣೆ. ಹೊರಗಿನವರು, ಎದುರಿಗೆ ಹಾಲಿ ಮೇಯರ್ ವು ಡೆನ್‌ಯಿ. ಶಿಯೆ ಗೆದ್ದದ್ದು 4,565 ಮತಗಳಿಂದ. ನಮ್ಮಲ್ಲಾದರೆ ಮರುಎಣಿಕೆ ಅಂತ ಗಲಾಟೆಯಾಗುವ ಅಂತರ.

ಆ ಊರಿನ ನಡುವೆ ಹರಿಯುವ ನದಿಯ ಹೆಸರು ಲವ್ ರಿವರ್. ಹೆಸರಷ್ಟೇ ಚಂದ. ಉಕ್ಕು, ಪೆಟ್ರೋಕೆಮಿಕಲ್, ಹಡಗು ಒಡೆಯುವ ಕೆಲಸ, ಇದೆಲ್ಲ ಮಾಡಿದ ಊರು. ಮನೆಗಳ ಕೊಳಚೆ ನೇರ ನದಿಗೆ ಬೀಳುತ್ತಿತ್ತು. ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತಿದ್ದೆವು ಅಂತ ಹಳಬರು ಈಗಲೂ ಹೇಳುತ್ತಾರೆ. ಕೊಳಚೆಯನ್ನು ತಡೆದು ಬೇರೆ ಕಡೆ ಹರಿಸುವ ಕೆಲಸ ಹಿಂದಿನ ಮೇಯರುಗಳ ಕಾಲದಲ್ಲೇ ಶುರುವಾಗಿತ್ತು, ಅದನ್ನು ಮರೆತು ಎಲ್ಲ ಕೀರ್ತಿಯನ್ನು ಶಿಯೆಗೆ ಕಟ್ಟುವುದು ಅನ್ಯಾಯ. ಆದರೆ ಉಳಿದಿದ್ದೇ ಕಷ್ಟದ ಕೆಲಸ. ಅಲ್ಲಿ ಮನೆಸಾಲುಗಳ ಹಿಂದೆ ಒಂದು ಸಂದಿ ಇರುತ್ತದೆ. ಎಲ್ಲರೂ ಅಡಿಗೆಮನೆಯನ್ನೋ ಬಟ್ಟೆ ಒಗೆಯುವ ಜಾಗವನ್ನೋ ಅದರೊಳಕ್ಕೆ ಚಾಚಿ ಕಟ್ಟಿಕೊಂಡಿರುತ್ತಾರೆ. ಒಳಚರಂಡಿ ಪೈಪು ಹೋಗಬೇಕಾದದ್ದು ಅದೇ ಸಂದಿಯಲ್ಲಿ. ಒಡೆಯಿರಿ ಅಂದರೆ ಯಾರು ಒಡೆಯುತ್ತಾರೆ? ಪಕ್ಕದ ಮನೆಯವನು ಒಡೆಯಲಿ ಮೊದಲು ಅಂತಾರೆ. ಇದು ಎಂಜಿನಿಯರ್ ಕೆಲಸ ಅಲ್ಲವೇ ಅಲ್ಲ, ರಾಜಿ ಪಂಚಾಯ್ತಿ ಮಾಡುವ ಕೆಲಸ. ಆಡಳಿತದ ಚುಕ್ಕಾಣಿ ಹಿಡಿದವನಿಗೆ ಜಗಳದ ಎರಡೂ ಕಡೆಯವರ ಮಾತು ಕೇಳಿ ಅಭ್ಯಾಸ ಇದ್ದರೆ ಇಂಥಲ್ಲೇ ಉಪಯೋಗಕ್ಕೆ ಬರುವುದು ಅಂತ ನನ್ನ ಅಂದಾಜು. ನದಿಯ ದಂಡೆಗೆ ದೀಪ ಬಂತು, ಕಾಫಿ ಅಂಗಡಿ ಬಂತು, ದೋಣಿ ಬಂತು. 2002ರಲ್ಲಿ ಶಿಯೆ ಮತ್ತೆ ಗೆದ್ದರು.

2005ರಲ್ಲಿ ಅವರು ಪ್ರಧಾನಿಯಾಗಿ ತೈಪೆಗೆ ಹೋದದ್ದೇ ತಪ್ಪಾಯಿತು ಅಂತ ನಾನು ಹೇಳುತ್ತೇನೆ. ರಾಜಿ ಮಾಡಿಕೊಂಡು ಹೋಗೋಣ ಅನ್ನುವುದೇ ಅವರ ಘೋಷಣೆ, ಅತ್ತ ಸಂಸತ್ತಿನಲ್ಲಿ ಬಹುಮತ ಇಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಕಾವೋಶುಂಗ್ ಮೆಟ್ರೋ ಕೆಲಸಕ್ಕೆ ಕರೆತಂದಿದ್ದ ಥಾಯ್ ಕಾರ್ಮಿಕರು ತಾವಿದ್ದ ಕಡೆಯ ದುಸ್ಥಿತಿಗೆ ರೋಸಿ ಗಲಭೆ ಎದ್ದರು. ಮೆಟ್ರೋ ಶುರುವಾಗಿದ್ದು ಶಿಯೆ ಮೇಯರ್ ಆಗಿದ್ದಾಗ, ಕೆಸರು ಅವರಿಗೂ ಸಿಡಿಯಿತು. ಹಂಗಾಮಿ ಮೇಯರ್ ಚೆನ್ ಚಿಮಾಯ್ ರಾಜೀನಾಮೆ ಕೊಟ್ಟರು, ಕಾರ್ಮಿಕ ಖಾತೆಯ ಚೆನ್ ಚು ಕೂಡ ಕೊಟ್ಟರು. ವರ್ಷ ತುಂಬುವ ಮೊದಲೇ ಶಿಯೆ ಪ್ರಧಾನಿಗಿರಿ ಮುಗಿಯಿತು. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ದೊಡ್ಡದಾಗಿಯೇ ಸೋತರು. ಆ ಚೆನ್ ಚು ಯಾರು ಗೊತ್ತಾ? 1980ರ ಆ ಎಂಟು ಆರೋಪಿಗಳಲ್ಲಿ ಒಬ್ಬರು. ಜೈಲು ಮುಗಿಸಿ ಬಂದು, ಶಿಯೆ ಕೈಕೆಳಗೆ ಕಾವೋಶುಂಗ್‌ನಲ್ಲಿ ಸಮಾಜ ಕಲ್ಯಾಣ ನೋಡಿಕೊಂಡು, ಕೊನೆಗೆ 2006ರಲ್ಲಿ ಅದೇ ಊರಿನ ಮೇಯರ್ ಆದರು. ಅಂತರ 1,114 ಮತ!

ನನ್ನ ಮನೆ ಓನರ್ ಅಜ್ಜಿ ವಾರಕ್ಕೆರಡು ಸಲ ಸ್ಕೂಟರಿನಲ್ಲಿ ಎರಡು ಕ್ಯಾನ್ ಇಟ್ಟುಕೊಂಡು ಬೀದಿಕೊನೆಯ ನೀರಿನ ಅಂಗಡಿಗೆ ಹೋಗುತ್ತಿದ್ದರು. ನಮ್ಮ ಶುದ್ಧ ಕುಡಿಯುವ ನೀರಿನ ಘಟಕದ ಹಾಗೆಯೇ, ಕಾಯಿನ್ ಹಾಕಿದರೆ ನೀರು. ಕಾವೋಶುಂಗ್‌ನ ನಲ್ಲಿಯಲ್ಲಿ ಬರುವ ನೀರನ್ನು ಕುಡಿಯಲು ನಂಬದೇ ಇರುವುದು ಅವರ ಹಳೇ ಅಭ್ಯಾಸ. ಒಂದು ಸಲ ಕ್ಯಾನ್ ಎತ್ತಿಕೊಡುತ್ತಾ ಶಿಯೆ ಹೇಗೆ ಅಂತ ಕೇಳಿದೆ. "ಒಳ್ಳೇ ಮೇಯರ್. ನದಿ ವಾಸನೆ ಹೋಯಿತು," ಅಂದರು. ನೀರು ಸರಿ ಮಾಡಿದರಾ ಅಂತ ಕೇಳಿದೆ. "ಮಾಡಿದೆ ಅಂತ ಹೇಳಿದರು," ಅಂತ ನಕ್ಕು, ಇನ್ನೊಂದು ಕಾಯಿನ್ ಹಾಕಿದರು.